ತೋಟದಂಚಿನ ಕಾಡಿನಲ್ಲಿ ಬಿಲ್ಲುವಿದ್ಯೆಯ ಅಭ್ಯಾಸ ಕಣ: ಅಪಾಯವಿಲ್ಲದಂತೆ ಏರ್ಪಡಿಸುವ ಕ್ರಮ



ಅಡಿಕೆ, ಕಾಫಿ, ಮೆಣಸುಗಳ ವಿಚಾರ ಬರೆಯುವ ಈ ಪುಟಗಳಲ್ಲಿ ಬಿಲ್ಲುಬಾಣಕ್ಕೇನು ಕೆಲಸ ಎಂದು ಕೆಲವರಿಗೆ ಅನಿಸಬಹುದು. ಅದಕ್ಕೆ ಕಾರಣವಿದೆ. ಬಿಲ್ಲುಗಾರಿಕೆಯು ಶಾಲೆ ಕಾಲೇಜುಗಳ ಆಟಗಳಲ್ಲಿ ಸೇರಿದ ಮೇಲೆ ನಮ್ಮ ಬೆಳೆಗಾರರ ಮಕ್ಕಳಲ್ಲಿಯೂ ಅದರ ಆಸೆ ಹುಟ್ಟಿದೆ. ಪಟ್ಟಣದ ಹುಡುಗರು ಅಭ್ಯಾಸಕ್ಕೆ ಮೈದಾನ ಹುಡುಕಬೇಕು. ನಮ್ಮವರಿಗೆ ಮನೆಯ ಹಿಂದೆಯೇ ತೋಟವಿದೆ, ತೋಟದಾಚೆ ಕುರುಚಲು ಕಾಡಿದೆ. "ಅಲ್ಲಿ ಯಾರಿರುತ್ತಾರೆ, ಹೊಡೆದುಕೊಳ್ಳಲಿ ಬಿಡಿ" ಎಂಬ ಮಾತು ಹಿರಿಯರ ಬಾಯಲ್ಲಿ ಸಲೀಸಾಗಿ ಬಂದುಬಿಡುತ್ತದೆ. ಆ ಒಂದು ಮಾತಿನ ಸಲುವಾಗಿಯೇ ಈ ಲೇಖನ.

"ಅಲ್ಲಿ ಯಾರಿರುತ್ತಾರೆ" ಎಂಬುದನ್ನು ನಿಜವಾದ ಪ್ರಶ್ನೆಯಾಗಿ ಕೇಳಿ, ಪ್ರತಿಸಲವೂ ಉತ್ತರ ಪಡೆದ ಮೇಲೆಯೇ ಬಾಣ ಬಿಡತಕ್ಕದ್ದು. ಕಣದ ಭದ್ರತೆ ಮೊದಲು ನೆಲದಿಂದ ಬರಬೇಕು, ಆಮೇಲೆ ಕಟ್ಟುಪಾಡಿನಿಂದ, ಕಟ್ಟಕಡೆಗೆ ಬಿಲ್ಲುಗಾರನ ಕೈಚಳಕದಿಂದ. ಈ ಅನುಕ್ರಮವನ್ನು ತಿರುಗುಮುರುಗು ಮಾಡಿದಲ್ಲಿ ಎಷ್ಟು ಒಳ್ಳೆಯ ಬಿಲ್ಲುಗಾರನಿದ್ದರೂ ಪ್ರಯೋಜನವಿಲ್ಲ. ರಾಮಾಯಣದ ದಶರಥ ಶಬ್ದವೇಧಿ ವಿದ್ಯೆಯಲ್ಲಿ ನಿಪುಣ. ಸರಯೂ ನದಿಯ ದಡದ ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಕೇಳಿ, ಆನೆ ನೀರು ಕುಡಿಯುತ್ತಿದೆಯೆಂದು ಬಾಣ ಬಿಟ್ಟ. ಬಾಣ ಗುರಿ ತಪ್ಪಲಿಲ್ಲ. ಸತ್ತವನು ಶ್ರವಣಕುಮಾರ. ಅಲ್ಲಿ ಕೊರತೆಯಾದದ್ದು ವಿದ್ಯೆಯದಲ್ಲ, ಮರೆಯಲ್ಲಿ ಯಾರಿದ್ದಾರೆ ಎಂಬ ತಿಳಿವಿನದು. ನಮ್ಮ ತೋಟಗಳಲ್ಲಿಯೂ ಹೊಂಡದ ಬಳಿ ಕೊಡ ತುಂಬುವವರು, ಪೊದೆಯ ಮರೆಯಲ್ಲಿ ಹುಲ್ಲು ಕೊಯ್ಯುವವರು ಇದ್ದೇ ಇರುತ್ತಾರೆ.

ನಮ್ಮ ಸೀಮೆಗೆ ಬಿಲ್ಲು ಹೊಸದಲ್ಲ

ಚಿತ್ರದುರ್ಗದ ಸೀಮೆಗೆ ಬಿಲ್ಲನ್ನು ಯಾರೂ ಹೊರಗಿನಿಂದ ತಂದುಕೊಡಬೇಕಾಗಿಲ್ಲ. ದುರ್ಗದ ನಾಯಕರು ಬೇಡರ ಪಡೆ ಕಟ್ಟಿ ಆಳಿದವರು. 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವವರೆಗೂ ಆ ಪಡೆಯ ಹೆಸರು ಸುತ್ತಲಿನ ಸೀಮೆಗಳಲ್ಲಿ ಕೇಳಿಬರುತ್ತಿತ್ತು. ವಿಜಯದಶಮಿಯಂದು ದೇವರ ಉತ್ಸವ ಬನ್ನಿಮರದ ಬಳಿಗೆ ಹೋಗಿ ಅಂಬು ಛೇದನ ನಡೆಸುವ ಪದ್ಧತಿ ಇಲ್ಲಿನ ಊರುಗಳಲ್ಲಿ ಇಂದಿಗೂ ಉಂಟು. ಕ್ರೀಡಾಪಟುಗಳಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಗೂ ಕಾಡಿನಲ್ಲಿ ಒಬ್ಬನೇ ಬಿಲ್ಲು ಕಲಿತ ಏಕಲವ್ಯನ ಹೆಸರೇ ಇದೆ.

ಜಮೀನಿನಲ್ಲಿ ಕಣ ಮಾಡಿಕೊಂಡು ಮೇಲೆ ಬಂದವರೂ ಇದ್ದಾರೆ. ಹರಿಯಾಣದ ಕೈಥಲ್ ಜಿಲ್ಲೆಯ ರೈತ ಕುಟುಂಬದ ಹರ್ವಿಂದರ್ ಸಿಂಗ್ ಅವರಿಗೆ 2020ರ ಲಾಕ್‌ಡೌನ್ ಕಾಲದಲ್ಲಿ ಮೈದಾನಕ್ಕೆ ಹೋಗುವ ದಾರಿ ಮುಚ್ಚಿತು. ಅವರ ತಂದೆ ತಮ್ಮ ಹೊಲವನ್ನೇ ಅಭ್ಯಾಸ ಕಣವಾಗಿ ಮಾಡಿಕೊಟ್ಟರು. ಹರ್ವಿಂದರ್ 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು, 2024ರ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದರು. ಅವೆರಡೂ ಆ ಕ್ರೀಡಾಕೂಟದ ಬಿಲ್ಲುಗಾರಿಕೆಯಲ್ಲಿ ಭಾರತಕ್ಕೆ ಬಂದ ಮೊದಲ ಕಂಚು, ಮೊದಲ ಚಿನ್ನ. ರೈತನ ಜಮೀನು ಎಂಥ ಮೈದಾನವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಬಯಲು ಹೊಲದಲ್ಲಿ ಯಾರಾದರೂ ಬಂದರೆ ದೂರದಿಂದಲೇ ಕಾಣುತ್ತಾರೆ. ಅಡಿಕೆ ತೋಟ ಹಾಗಲ್ಲ. ಆದಕಾರಣ ನಾವು ಹೆಚ್ಚಿನ ಎಚ್ಚರ ವಹಿಸಬೇಕು.

ಬಾಣ ಎಷ್ಟು ದೂರ ಹೋಗುತ್ತದೆ?

ಸ್ಪರ್ಧೆಯ ಸಾಮಾನ್ಯ ಬಿಲ್ಲಿನಿಂದ ಬಿಟ್ಟ ಬಾಣ ಸೆಕೆಂಡಿಗೆ 50 ಮೀಟರಿಗೂ ಮೀರಿದ ವೇಗದಲ್ಲಿ ಹೊರಡುತ್ತದೆ. ರಾಟೆಗಳಿರುವ ಕಾಂಪೌಂಡ್ ಬಿಲ್ಲಿನ ಬಾಣ ಇನ್ನೂ ವೇಗ. 50 ಮೀಟರನ್ನೇ ಹಿಡಿದು ಲೆಕ್ಕ ಹಾಕೋಣ. ಶಾಲೆಯಲ್ಲಿ ಕಲಿತ ಸೂತ್ರದ ಪ್ರಕಾರ 45 ಡಿಗ್ರಿ ಓರೆಯಲ್ಲಿ ಮೇಲಕ್ಕೆ ಬಿಟ್ಟ ವಸ್ತು, ವೇಗದ ವರ್ಗವನ್ನು 9.8ರಿಂದ ಭಾಗಿಸಿದಷ್ಟು ದೂರ ಹೋಗಿ ಬೀಳುತ್ತದೆ. 2500ನ್ನು 9.8ರಿಂದ ಭಾಗಿಸಿದರೆ 255 ಮೀಟರ್. ಗಾಳಿಯ ತಡೆಯನ್ನು ಕಳೆದು 200 ಮೀಟರ್ ಎಂದೇ ಇಟ್ಟುಕೊಳ್ಳಿ. ಅಡಿಕೆಯನ್ನು ನಾವು 9 ಅಡಿಗೆ, ಅಂದರೆ ಸುಮಾರು 2.7 ಮೀಟರಿಗೆ ಒಂದರಂತೆ ನೆಡುತ್ತೇವೆ. 200 ಮೀಟರ್ ಎಂದರೆ 74 ಸಾಲು ಅಡಿಕೆ! ನಮ್ಮ ಬಹುಪಾಲು ಸದಸ್ಯರ ತೋಟ ಅಷ್ಟು ಉದ್ದವೇ ಇಲ್ಲ. ಕೈ ತಪ್ಪಿದ ಬಾಣ ಪಕ್ಕದವರ ತೋಟವನ್ನೋ, ಊರ ದಾರಿಯನ್ನೋ ಮುಟ್ಟುತ್ತದೆ.

"ಮಕ್ಕಳ ಬಿದಿರು ಬಿಲ್ಲು, ಅದರಿಂದೇನಾದೀತು" ಎನ್ನುವವರೂ ಉಂಟು. ಸೆಕೆಂಡಿಗೆ 30 ಮೀಟರ್ ವೇಗದ ಬಾಣವೂ ಇದೇ ಲೆಕ್ಕದಲ್ಲಿ 90 ಮೀಟರ್ ಹೋಗುತ್ತದೆ. ಅದಕ್ಕೂ ಕಬ್ಬಿಣದ ಮೊನೆಯಿದೆ. 2020ರ ಜನವರಿಯಲ್ಲಿ ಅಸ್ಸಾಮಿನ ತರಬೇತಿ ಕೇಂದ್ರವೊಂದರಲ್ಲಿ ಬಾಲಕಿಯೊಬ್ಬಳಿಗೆ ಕುತ್ತಿಗೆಯ ಬಳಿ ಬಾಣ ನೆಟ್ಟು, ಆಕೆಯನ್ನು ದೆಹಲಿಯ ಏಮ್ಸ್ ಆಸ್ಪತ್ರೆಗೆ ಒಯ್ದು ಶಸ್ತ್ರಚಿಕಿತ್ಸೆಯಿಂದ ಬದುಕಿಸಬೇಕಾಯಿತು. ತರಬೇತಿ ಕೇಂದ್ರದಲ್ಲಿಯೇ ಹೀಗಾದ ಮೇಲೆ ಹೇಳುವವರು ಕೇಳುವವರು ಇಲ್ಲದ ತೋಟದ ಮೂಲೆಯಲ್ಲಿ ಆಗದೆಂದು ನಂಬುವುದು ಹೇಗೆ?

ತೋಟದ ಸಾಲುಗಳ ನಡುವೆ ಕೂಡದು

ಅಡಿಕೆ ಸಾಲುಗಳ ನಡುವಿನ ನೇರ ದಾರಿ ನೋಡಿದ ಕೂಡಲೇ ಇದು ಬಾಣಕ್ಕಾಗಿಯೇ ಮಾಡಿದ ಜಾಗವೆಂದು ಹುಡುಗರಿಗೆ ತೋರುತ್ತದೆ. ನಾಲ್ಕು ಕಾರಣಗಳಿಂದ ಅದು ತಪ್ಪು ಆಯ್ಕೆ.

ಒಂದು: ಅಡಿಕೆ ಮರದ ಕಾಂಡ ಸಣ್ಣದು, ದುಂಡನೆಯದು. ಅದರ ಅಂಚಿಗೆ ತಗುಲಿದ ಬಾಣ ನೆಡುವುದಿಲ್ಲ, ಜಾರಿ ಬೇರೆ ದಿಕ್ಕಿಗೆ ಹೊರಳುತ್ತದೆ. ಎತ್ತ ಹೊರಳೀತೆಂದು ಯಾರೂ ಹೇಳಲಾರರು.

ಎರಡು: ಸಾಲುಮರಗಳಾಗಲಿ, ಬೇಲಿಯಾಗಲಿ ಬಾಣಕ್ಕೆ ತಡೆಯಲ್ಲ. ಅಂತರರಾಷ್ಟ್ರೀಯ ಬಿಲ್ಲುಗಾರಿಕೆ ನಿಯಮಗಳೂ ಬಾಣ ನುಸುಳಬಲ್ಲ ಬೇಲಿಯನ್ನು ತಡೆಯೆಂದು ಎಣಿಸುವುದಿಲ್ಲ.

ಮೂರು: ತೋಟದಲ್ಲಿ ಜನ ಎರಡು ಅಂತಸ್ತಿನಲ್ಲಿ ಕೆಲಸ ಮಾಡುತ್ತಾರೆ. ಕೆಳಗೆ ಬಾಳೆ, ಕೋಕೋ, ಮೆಣಸಿನ ಬಳ್ಳಿಗಳ ಮರೆಯಲ್ಲಿ ಬಗ್ಗಿ ಹನಿ ನೀರಾವರಿಯ ಪೈಪು ಸರಿಮಾಡುವವರು. ಮೇಲೆ ಗೊನೆ ಕೊಯ್ಯಲು ಮರವೇರಿದವರು. ಬಿಲ್ಲುಗಾರನ ಕಣ್ಣು ಎದೆಯೆತ್ತರದ ಗುರಿಯ ಮೇಲಿರುತ್ತದೆ. ಇಬ್ಬರೂ ಅವನಿಗೆ ಕಾಣುವುದಿಲ್ಲ. ಮಲೆನಾಡಿನ ಕಡೆ ಕಾಫಿ ತೋಟವಿರುವ ಸದಸ್ಯರು ಇದನ್ನು ಇನ್ನೂ ಗಂಭೀರವಾಗಿ ಗಮನಿಸಬೇಕು. ಹಣ್ಣು ಕೊಯ್ಯುವ ದಿನಗಳಲ್ಲಿ ಗಿಡದ ಒಳಗೆ ಹೊಕ್ಕ ಆಳು ಹತ್ತಡಿ ದೂರದಿಂದಲೂ ಕಾಣುವುದಿಲ್ಲ.

ನಾಲ್ಕು: ಮರಕ್ಕಾಗುವ ಗಾಯ. ಕಾಂಡದಲ್ಲಿ ರಂಧ್ರವಾದರೆ ನೀರು ಇಳಿದು ಕೊಳೆಗೆ ದಾರಿಯಾಗುತ್ತದೆ. ಅಂಥ ಮರವನ್ನು ಮುಂದೆ ಹತ್ತುವವನಿಗೂ ಅಪಾಯ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರು ದುಡಿಮೆಗೆ ಒಪ್ಪಿ ಬಂದಿದ್ದಾರೆ. ನಮ್ಮ ಮಕ್ಕಳ ಆಟದ ಅಪಾಯ ಹೊರುವುದಕ್ಕೆ ಒಪ್ಪಿ ಬಂದಿಲ್ಲ. ಯಜಮಾನನ ಮಗ ಬಿಲ್ಲು ಹಿಡಿದು ನಿಂತಾಗ "ನಿಲ್ಲಿಸಪ್ಪಾ" ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಮೌನವಾಗಿ ದೂರ ಸರಿಯುತ್ತಾರೆ, ಅಥವಾ ಸರಿಯಲು ಹೊತ್ತೇ ಸಿಕ್ಕುವುದಿಲ್ಲ. ಆದುದರಿಂದ ಅವರ ಪರವಾಗಿ ನಾವೇ ಮುಂಚಿತವಾಗಿ ಯೋಚಿಸತಕ್ಕದ್ದು.

ಸರ್ಕಾರಿ ಕಾಡಿನಲ್ಲಿಯೂ ಕೂಡದು

ತೋಟ ಬೇಡವಾದರೆ ಪಕ್ಕದ ಕಾಡಿಗೆ ಹೋಗೋಣ ಎನ್ನುವವರು ಕಾನೂನನ್ನು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ "ಆಯುಧ" ಎಂಬ ಪದದ ವಿವರಣೆಯಲ್ಲಿಯೇ ಬಿಲ್ಲುಬಾಣಗಳು ಸೇರಿವೆ. ಅದೇ ಕಾಯಿದೆಯ 31ನೆಯ ಪ್ರಕರಣದ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಯಾರೂ ಆಯುಧ ಹಿಡಿದು ವನ್ಯಜೀವಿ ಧಾಮವನ್ನು ಪ್ರವೇಶಿಸಕೂಡದು. ನಮ್ಮಲ್ಲಿ ಜೋಗಿಮಟ್ಟಿ ಅಂಥ ಧಾಮ. ಒಂದು ಬಾಣವನ್ನೂ ಬಿಡದೆ, ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರೂ ಅದು ಅಪರಾಧವೇ. ಉಳಿದ ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಅಧಿನಿಯಮ ಅನ್ವಯಿಸುತ್ತದೆ. ಅಲ್ಲಿ ಅತಿಕ್ರಮ ಪ್ರವೇಶ ಮಾಡುವುದು, ಗಿಡ ಸವರಿ ಜಾಗ ಮಾಡುವುದು ಶಿಕ್ಷಾರ್ಹ. ತನ್ನ ಜಮೀನಿನ ಗಡಿ ಎಲ್ಲಿ ಮುಗಿಯುತ್ತದೆ, ಅರಣ್ಯದ ಗಡಿ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನಕ್ಷೆ ನೋಡಿ, ಅನುಮಾನವಿದ್ದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ತೆಂಗಿಗೆ ಬರುವ ಕೋತಿ, ಬೆಳೆಗೆ ಬರುವ ಕಾಡುಹಂದಿ, ನವಿಲುಗಳ ಉಪಟಳ ನಮಗೆಲ್ಲ ಗೊತ್ತು. ಕೈಯಲ್ಲಿ ಬಿಲ್ಲಿದ್ದಾಗ ಆ ಕಡೆ ತಿರುಗಿಸುವ ಚಪಲ ಹುಟ್ಟುವುದು ಸಹಜ. ಕೊಲ್ಲುವುದಷ್ಟೇ ಅಲ್ಲ, ಕೊಲ್ಲುವ ಪ್ರಯತ್ನವೂ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ. ಕಣದಲ್ಲಿ ಕಾಗದದ ಗುರಿಯ ವಿನಾ ಬೇರಾವುದಕ್ಕೂ ಬಾಣ ಬಿಡಕೂಡದೆಂಬ ನಿಯಮವನ್ನು ಮೊದಲ ದಿನವೇ ಹೇಳಿಬಿಡಬೇಕು.

ಗೋಮಾಳವೂ ಬೇಡ. ಕುರಿಗಾಹಿಗಳು ಯಾವ ಹೊತ್ತಿನಲ್ಲಿ ಯಾವ ದಿಕ್ಕಿನಿಂದ ಬರುತ್ತಾರೆಂದು ಹೇಳಲಾಗದು. ಕೆರೆ ಏರಿ ಒಳ್ಳೆಯ ಮಣ್ಣಿನ ತಡೆಯಂತೆ ಕಂಡರೂ ಅದರ ಮೇಲೆ ಜನ ದನ ನಡೆಯುವ ದಾರಿಯಿರುತ್ತದೆ. ಅದನ್ನೂ ಬಿಡಬೇಕು.

ಯೋಗ್ಯ ಸ್ಥಳ ಯಾವುದು?

ಹಾಗಾದರೆ ಉಳಿದದ್ದು ನಮ್ಮ ಸ್ವಂತ ಜಮೀನಿನ ಕೃಷಿಯಾಗದ ಭಾಗ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಕಡೆ ಅನೇಕರಿಗೆ ತೋಟದ ಮೇಲ್ಭಾಗದಲ್ಲಿ ಗುಡ್ಡದ ಇಳಿಜಾರಿಗೆ ತಾಗಿದ ಕುರುಚಲು ಭೂಮಿಯಿದೆ. ಬಾಣವು ಗುಡ್ಡದ ಮಣ್ಣಿಗೆ ಎದುರಾಗಿ ಹೋಗುವಂತೆ ಗುರಿಯನ್ನಿಡಬಹುದಾದ ಜಾಗವೇ ಎಲ್ಲಕ್ಕಿಂತ ಉತ್ತಮ. ಆ ಗುಡ್ಡದ ಮೇಲುಭಾಗವೂ ನಿಮ್ಮದೇ ಆಗಿದ್ದು, ಅಲ್ಲಿ ಕಾಲುದಾರಿ ಇರಬಾರದು. ಬಂಡೆ ಇರುವ ಇಳಿಜಾರು ಬೇಡ; ಬಂಡೆಗೆ ತಗುಲಿದ ಬಾಣ ಹಿಂದಕ್ಕೋ ಪಕ್ಕಕ್ಕೋ ಸಿಡಿಯುತ್ತದೆ. ಹಳೆಯ ಕಲ್ಲುಕ್ವಾರಿಗಳೂ ಇದೇ ಕಾರಣಕ್ಕೆ ತಕ್ಕವಲ್ಲ.

ದಿಕ್ಕಿನ ವಿಚಾರ: ಬಿಲ್ಲುಗಾರ ಉತ್ತರಕ್ಕೆ ಮುಖ ಮಾಡಿ ನಿಲ್ಲುವಂತಿದ್ದರೆ ಬೆಳಗಿನ ಮತ್ತು ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಗುಡ್ಡದ ದಿಕ್ಕು ಮತ್ತು ಬಿಸಿಲಿನ ದಿಕ್ಕು ಹೊಂದದಿದ್ದರೆ ಗುಡ್ಡವನ್ನೇ ಆರಿಸಿ, ಅಭ್ಯಾಸದ ವೇಳೆಯನ್ನು ಬದಲಿಸಿಕೊಳ್ಳಿ.

ಕುರುಚಲನ್ನು ಎಷ್ಟು ಸವರಬೇಕು? ಹೊಡೆಯುವ ಗೆರೆಯಿಂದ ಗುರಿಯವರೆಗೆ, ಮತ್ತು ಎರಡೂ ಬದಿಗೆ, ಒಂದು ಮಗು ಕುಳಿತಿದ್ದರೂ ಕಾಣುವಷ್ಟು. ಬಾಣದ ದಾರಿಗೆ ಚಾಚಿದ ಕೊಂಬೆಗಳನ್ನು ತೆಗೆಯಬೇಕು. ತೆಳುವಾದ ರೆಂಬೆ ಸೋಕಿದರೂ ಬಾಣ ದಿಕ್ಕು ಬದಲಿಸುತ್ತದೆ. ದೊಡ್ಡ ಮರಗಳನ್ನು ಕಡಿಯುವ ಅವಶ್ಯಕತೆ ಬಿದ್ದರೆ ಆ ಜಾಗವೇ ಸರಿಯಿಲ್ಲವೆಂದು ತಿಳಿದು ಬೇರೆ ಕಡೆ ನೋಡುವುದು ಲೇಸು.

ಅಳತೆಯ ಲೆಕ್ಕ

ಒಲಿಂಪಿಕ್ಸ್‌ನಲ್ಲಿ ಹೊಡೆಯುವ ದೂರ 70 ಮೀಟರ್, ಗುರಿಯ ಅಗಲ 122 ಸೆಂಟಿಮೀಟರ್. ಬಿದಿರು ಬಿಲ್ಲಿನ ಭಾರತೀಯ ಸುತ್ತಿನಲ್ಲಿ 50 ಮತ್ತು 30 ಮೀಟರ್. ಕಲಿಯುವವರಿಗೆ 10 ಮೀಟರಿನಿಂದ ಆರಂಭಿಸಿ 18ಕ್ಕೆ, ಆಮೇಲೆ 30ಕ್ಕೆ ಹೋಗುವುದು ಕ್ರಮ. ಮನೆಯ ಕಣಕ್ಕೆ 30 ಮೀಟರ್ ಸಾಕು.

ಹಿಂದೆ ಯಾವ ತಡೆಯೂ ಇಲ್ಲದ ಬಯಲಾದರೆ ಗುರಿಯ ಹಿಂದೆ ಕನಿಷ್ಠ 50 ಮೀಟರ್, ಎರಡೂ ಬದಿಗೆ 20 ಮೀಟರ್, ಹೊಡೆಯುವ ಗೆರೆಯ ಹಿಂದೆ 10 ಮೀಟರ್ ಖಾಲಿ ಇರಬೇಕು. ಗುರಿಗಳ ಸಾಲಿಗೆ 5 ಮೀಟರ್ ಬಿಟ್ಟರೆ ಒಟ್ಟು 90 ಮೀಟರ್ ಉದ್ದ, 45 ಮೀಟರ್ ಅಗಲ, ಸರಿಯಾಗಿ ಒಂದು ಎಕರೆ. 9 ಅಡಿ ಅಂತರದಲ್ಲಿ ಸುಮಾರು 540 ಅಡಿಕೆ ಮರ ಹಿಡಿಸುವ ನೆಲ! ಅಷ್ಟು ನೆಲವನ್ನು ಆಟಕ್ಕೆ ಬಿಡುವವರು ವಿರಳ. ಆದರೆ ನೆಲ ಸಾಲದೆಂದು ಅಳತೆಯನ್ನು ಮೊಟಕು ಮಾಡುವಂತಿಲ್ಲ. ಕಡಿಮೆ ನೆಲದಲ್ಲಿ ಮಾಡಬೇಕಾದರೆ ಅದರ ಬದಲಿಗೆ ಮಣ್ಣಿನ ದಿಬ್ಬ ಕೊಡಬೇಕು, ದೂರವನ್ನೂ ಕಡಿಮೆ ಮಾಡಬೇಕು. 18 ಮೀಟರ್ ದೂರ, ಹಿಂದೆ 10 ಮೀಟರ್, ದಿಬ್ಬ ಮತ್ತು ಅದರ ಮುಂದಿನ ಜಾಗಕ್ಕೆ 12 ಮೀಟರ್, ಬದಿಗೆ ಹತ್ತತ್ತು ಮೀಟರ್, ಗುರಿಗೆ 5 ಮೀಟರ್ ಎಂದರೆ 40ಕ್ಕೆ 25 ಮೀಟರ್. ಇದು ಸುಮಾರು 10 ಗುಂಟೆ.

ದಿಬ್ಬದ ಎತ್ತರ 3 ಮೀಟರ್, ನೆತ್ತಿಯ ಅಗಲ 1 ಮೀಟರ್, ಬುಡದ ಅಗಲ 10 ಮೀಟರ್, ಉದ್ದ 10 ಮೀಟರ್ ಇರಲಿ. ಇದಕ್ಕೆ 165 ಘನಮೀಟರ್ ಮಣ್ಣು, ಟ್ರೇಲರಿಗೆ 3 ಘನಮೀಟರಿನಂತೆ 55 ಟ್ರೇಲರ್ ಬೇಕು. ಕೃಷಿ ಹೊಂಡ ತೋಡಿಸುವಾಗ ಹೊರಬರುವ ಮಣ್ಣನ್ನು ಇದಕ್ಕೆ ಉಪಯೋಗಿಸಿಕೊಂಡರೆ ಖರ್ಚು ಬಹಳ ಮಟ್ಟಿಗೆ ಉಳಿಯುತ್ತದೆ. ಗುರಿಯ ಕಡೆಯ ಮುಖದಿಂದ ಕಲ್ಲುಗಳನ್ನು ಆರಿಸಿ ತೆಗೆದು, ಕೊಚ್ಚಿಹೋಗದಂತೆ ಹುಲ್ಲು ನಾಟಿ ಮಾಡಿಸಿ. ಹೊಂಡಕ್ಕೆ ಬೇಲಿ ಹಾಕುವುದನ್ನು ಮರೆಯಬೇಡಿ. ಬಾಣದಿಂದ ಉಳಿಸಿದ ಮಗುವನ್ನು ನೀರಿಗೆ ಒಪ್ಪಿಸುವಂತಾಗಬಾರದು.

ದಿಬ್ಬ ಹಾಕಿದೆವೆಂದು ನಿಶ್ಚಿಂತೆಯಾಗುವ ಹಾಗಿಲ್ಲ. ಗುರಿಯ ನಡುಭಾಗ ನೆಲದಿಂದ 1.3 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ದಿಬ್ಬದ ನೆತ್ತಿಗೆ 1.7 ಮೀಟರ್ ಮಾತ್ರ ಅಂತರ. 30 ಮೀಟರ್ ದೂರದಲ್ಲಿ ನಿಂತವನ ಬಾಣ ನೆತ್ತಿಯನ್ನು ದಾಟಿ ಹೋಗಲು ಸುಮಾರು 3 ಡಿಗ್ರಿ ಹೆಚ್ಚು ಏರಿದರೆ ಸಾಕು. ಚಾಚಿದ ತೋಳಿನ ತುದಿಯಲ್ಲಿ ಅದು ಎರಡು ಬೆರಳಿನ ಅಗಲ! ಅದೇ ದಿಬ್ಬವನ್ನು ದಾಟಿಸಲು 10 ಮೀಟರಿನಿಂದ ಹೊಡೆಯುವವನು ಸುಮಾರು 10 ಡಿಗ್ರಿ, ಎಂದರೆ ಹತ್ತಿರ ಹತ್ತಿರ ಅರ್ಧ ಅಡಿ ಕೈ ಎತ್ತಬೇಕು. ಹೊಸಬರನ್ನು ಹತ್ತಿರದಿಂದ ಹೊಡೆಸುವುದು ಗುರಿ ಸುಲಭವಾಗಲಿ ಎಂದು ಮಾತ್ರವಲ್ಲ, ದಿಬ್ಬ ಅವರ ಪಾಲಿಗೆ ದೊಡ್ಡದಾಗಲಿ ಎಂದು. ಮೇಲಿನ ಲೆಕ್ಕವನ್ನು ಮಕ್ಕಳಿಂದಲೇ ಹಾಕಿಸಿ. ಮೂರು ಮಾತು ಬೈಯುವುದಕ್ಕಿಂತ ಅದು ಹೆಚ್ಚು ನಾಟುತ್ತದೆ. ಇದೇ ಕಾರಣದಿಂದ ಅಭ್ಯಾಸದ ವೇಳೆಯಲ್ಲಿ ದಿಬ್ಬದ ಹಿಂದೆಯೂ ಯಾರಿಗೂ ಕೆಲಸ ಹಚ್ಚಕೂಡದು.

ಗುರಿಹಲಗೆ

ನೆಲ್ಲುಹುಲ್ಲನ್ನು ಹಗ್ಗದಿಂದ ಬಿಗಿಯಾಗಿ ಸುತ್ತಿ, ಒತ್ತಿ ಕಟ್ಟಿದ ನಾಲ್ಕಡಿ ಚದರದ ಹಲಗೆ ಹಳೆಯ ಕ್ರಮ, ಅಗ್ಗದ ಕ್ರಮ. ರಟ್ಟನ್ನು ಒತ್ತೊತ್ತಾಗಿ ಜೋಡಿಸಿ ಪಟ್ಟಿಯಿಂದ ಬಿಗಿದರೂ ಆದೀತು. ಗೋಣಿಚೀಲದಲ್ಲಿ ಹಳೆಯ ಬಟ್ಟೆ ತುರುಕಿಯೂ ಮಾಡುತ್ತಾರೆ. ಯಾವುದೇ ಆಗಲಿ, ಕಣ ತೆರೆಯುವ ಮುನ್ನ, ಹಿಂದೆ ಮಣ್ಣಿನ ದಿಬ್ಬವಿಟ್ಟುಕೊಂಡು, ಅಲ್ಲಿ ಬಳಸುವ ಅತಿ ಬಲವಾದ ಬಿಲ್ಲಿನಿಂದ ಹಿರಿಯರೊಬ್ಬರು ಹೊಡೆದು ಪರೀಕ್ಷಿಸತಕ್ಕದ್ದು. ಬಾಣದ ಮೊನೆ ಹಿಂದೆ ಇಣುಕಿದರೆ ಹಲಗೆ ಸಾಲದು. ಮರದ ಹಲಗೆ, ಕಲ್ಲು, ತಗಡುಗಳನ್ನು ಗುರಿಯಾಗಿ ಉಪಯೋಗಿಸಬಾರದು. ಬಾಣ ಹಿಂದಕ್ಕೆ ಚಿಮ್ಮುತ್ತದೆ. ನರ್ಸರಿಯ ನೆರಳುಪರದೆ ಬಾಣ ತಡೆಯುವುದಿಲ್ಲ.

ಹಲಗೆಯನ್ನು ನೆಟ್ಟಗೆ ನಿಲ್ಲಿಸದೆ 10ರಿಂದ 15 ಡಿಗ್ರಿಯಷ್ಟು ಹಿಂದಕ್ಕೆ ಬಾಗಿಸಿ, ಗೂಟ ಹೊಡೆದು ಹಗ್ಗದಿಂದ ಬಿಗಿಯಬೇಕು. ಕಾಗದದ ಗುರಿಯಲ್ಲಿ ಒಳಗಿನಿಂದ ಹೊರಕ್ಕೆ ಹಳದಿ, ಕೆಂಪು, ನೀಲಿ, ಕಪ್ಪು, ಬಿಳಿ ಹೀಗೆ ಐದು ಬಣ್ಣಗಳು, ಹತ್ತು ಸುತ್ತುಗಳು. ಹುಲ್ಲಿನ ಹಲಗೆಗೆ ಗೆದ್ದಲು ಹತ್ತುತ್ತದೆ, ಮಳೆಗೆ ಕೊಳೆಯುತ್ತದೆ. ತಿಂಗಳಿಗೊಮ್ಮೆ ನಡುಭಾಗವನ್ನು ಒತ್ತಿ ನೋಡಿ, ಮೆತ್ತಗಾಗಿದ್ದರೆ ಬದಲಿಸಬೇಕು.

ಕಾಡಿನ ನಡುವೆ ಗುರಿಯಿಂದ ಗುರಿಗೆ ನಡೆದುಹೋಗುತ್ತ ಹೊಡೆಯುವ ಆಟವೊಂದುಂಟು. ಸ್ಪರ್ಧೆಯಲ್ಲಿ 24 ಗುರಿಗಳು, ದೂರ 60 ಮೀಟರಿನೊಳಗೆ. ಇದನ್ನು ಇಷ್ಟಪಡುವವರು ಎರಡು ವಿಷಯ ನೆನಪಿಡಬೇಕು: ಪ್ರತಿ ಗುರಿಯ ಹಿಂದೆಯೂ ಮಣ್ಣಿನ ತಡೆಯಿರಬೇಕು, ಮತ್ತು ನಡೆಯುವ ದಾರಿ ಯಾವ ಗುರಿಯ ಹಿಂದೆಯೂ ಹಾಯಬಾರದು. ಒಂದೇ ಕಣದಲ್ಲಿ ಒಂದು ವರ್ಷ ಶಿಸ್ತು ಕಲಿಯುವವರೆಗೆ ಇದಕ್ಕೆ ಕೈಹಾಕದಿರುವುದು ಒಳ್ಳೆಯದು.

ಸೀಟಿಯ ಕಟ್ಟುಪಾಡು

ಕಣದಲ್ಲಿ ಎರಡು ಗೆರೆ ಸುಣ್ಣದಿಂದ ಎಳೆಯಿರಿ: ಹೊಡೆಯುವ ಗೆರೆ ಒಂದು, ಅದರ ಹಿಂದೆ ಕಾಯುವ ಗೆರೆ ಒಂದು. ಬಿಲ್ಲು ಹಿಡಿಯದ ಒಬ್ಬ ಹಿರಿಯರು ಮೇಲ್ವಿಚಾರಕರಾಗಿರಬೇಕು. ಅವರಿಲ್ಲದ ದಿನ ಅಭ್ಯಾಸವಿಲ್ಲ. ಸ್ಪರ್ಧೆಗಳಲ್ಲಿ ನಡೆದುಬಂದಿರುವ ಸೀಟಿಯ ಸಂಕೇತಗಳನ್ನೇ ನಾವೂ ಇಟ್ಟುಕೊಳ್ಳುವುದು ಅನುಕೂಲ:

ಎರಡು ಸೀಟಿ: ಬಿಲ್ಲುಗಾರರು ಹೊಡೆಯುವ ಗೆರೆಗೆ ಬರುವುದು.
ಒಂದು ಸೀಟಿ: ಬಾಣ ಬಿಡಲು ಆರಂಭಿಸುವುದು.
ಮೂರು ಸೀಟಿ: ಎಲ್ಲರೂ ಬಿಲ್ಲು ಕೆಳಗಿಟ್ಟು ಬಾಣ ತರಲು ಹೋಗುವುದು.
ಐದು ಅಥವಾ ಹೆಚ್ಚು ಸೀಟಿ: ಅಪಾಯ! ಎಳೆದ ಹೆದೆಯನ್ನೂ ಮೆಲ್ಲಗೆ ಸಡಿಲಿಸಿ ಕೂಡಲೇ ನಿಲ್ಲಿಸುವುದು.

ಒಂದು ಸೀಟಿ ಊದುವ ಮುನ್ನ ಮೇಲ್ವಿಚಾರಕರು ಗುರಿ, ದಿಬ್ಬದ ನೆತ್ತಿ, ಎಡಬದಿ, ಬಲಬದಿ ಹೀಗೆ ನಾಲ್ಕೂ ಕಡೆ ಕಣ್ಣಾಡಿಸಿ "ಯಾರೂ ಇಲ್ಲ" ಎಂದು ಗಟ್ಟಿಯಾಗಿ ಹೇಳಬೇಕು. ಬಾಯಿಬಿಟ್ಟು ಹೇಳುವ ಅಭ್ಯಾಸವಿದ್ದರೆ ನೋಡದೆ ಹೇಳಲು ನಾಲಿಗೆ ಹಿಂಜರಿಯುತ್ತದೆ.

ಕಣಕ್ಕೆ ಬರುವ ಪ್ರತಿ ದಾರಿಯಲ್ಲಿಯೂ ಕೆಂಪು ಬಾವುಟ ಕಟ್ಟಿ, ಅದರ ಗೂಟಕ್ಕೆ ಒಂದೊಂದು ಸೀಟಿ ತೂಗುಹಾಕಿ. ತೋಟದ ಆಳುಗಳು, ಹಾಲು ತರುವ ಹುಡುಗ, ದಾರಿಹೋಕರು ಯಾರೇ ಆಗಲಿ ಆ ಸೀಟಿಯನ್ನು ಊದಿ ಅಭ್ಯಾಸ ನಿಲ್ಲಿಸಬಹುದು. ಏಕೆ ಊದಿದೆ ಎಂದು ಯಾರೂ ಗದರಿಸಕೂಡದು. ಸುಮ್ಮನೆ ಹತ್ತು ಸಲ ಊದಿದರೂ ನಷ್ಟವಿಲ್ಲ. ಊದಬೇಕಾದವನು ಸಂಕೋಚದಿಂದ ಒಂದು ಸಲ ಊದದಿದ್ದರೆ ಆಗುವ ನಷ್ಟವನ್ನು ತುಂಬಲಾಗದು. ವಾರದ ದಿನ, ವೇಳೆಗಳನ್ನು ನಿಗದಿಪಡಿಸಿ ಆಳುಗಳಿಗೂ ನೆರೆಯ ತೋಟದವರಿಗೂ ಮುಂಚಿತವಾಗಿ ತಿಳಿಸಿ. ತೋಟದ ಕೆಲಸವಿಲ್ಲದ ದಿನವನ್ನು ಆರಿಸಿದರೆ ಇನ್ನೂ ಉತ್ತಮ.

ಬಾಣ ಕೀಳುವಾಗ ಓಡಬಾರದು. ನೆಟ್ಟ ಬಾಣದ ಹಿಂತುದಿಗೆ ಕಣ್ಣು ತಾಗುವ ಅಪಾಯವುಂಟು. ಹಲಗೆಯ ಬದಿಗೆ ನಿಂತು, ಒಂದು ಕೈಯಿಂದ ಹಲಗೆಯನ್ನು ಒತ್ತಿ ಹಿಡಿದು, ಹಿಂದೆ ಯಾರೂ ಇಲ್ಲದಾಗ ಎಳೆಯಬೇಕು. ತಪ್ಪಿಹೋದ ಬಾಣ ಹುಡುಕಲು ಹಲಗೆಯ ಹಿಂದೆ ಹೋಗುವಾಗ ಒಬ್ಬರು ಹಲಗೆಯ ಮುಂದೆಯೇ ನಿಂತಿರಬೇಕು. ಬಿಟ್ಟ ಬಾಣಗಳನ್ನೂ ಸಿಕ್ಕಿದ ಬಾಣಗಳನ್ನೂ ಎಣಿಸಿ ತಾಳೆ ನೋಡಿ. ಹುಲ್ಲಿನಲ್ಲಿ ಉಳಿದ ಒಂದು ಬಾಣ ಬರಿಗಾಲಿನವರಿಗೆ ಸಾಕು.

ಬಿಲ್ಲು, ಬಾಣ, ಗಾಳಿ

ಪ್ರತಿದಿನ ಬಾಣಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಬಿದಿರಿನ ಬಾಣ ಸೀಳಿದೆಯೇ, ಹಿಂತುದಿಯ ಕಚ್ಚು ಬಿರಿದಿದೆಯೇ ನೋಡಿ. ಕಾರ್ಬನ್ ಬಾಣವನ್ನು ಮೆಲ್ಲಗೆ ಬಾಗಿಸಿದಾಗ ಚಟಚಟ ಸದ್ದು ಬಂದರೆ ಮುರಿದು ಎಸೆಯಿರಿ. ಬಿಟ್ಟಾಗ ಸೀಳಿ ಕೈಯೊಳಗೆ ಹೊಕ್ಕೀತು. ಬಾಣವಿಲ್ಲದೆ ಬರಿ ಹೆದೆಯನ್ನು ಎಳೆದು ಬಿಡಬಾರದು, ಬಿಲ್ಲು ಸಿಡಿಯುತ್ತದೆ. ಹೆದೆ ಎಳೆಯುವಾಗ ಬಾಣದ ಮೊನೆ ಗುರಿಯ ಕಡೆಗೆ ಮಾತ್ರ ಇರಬೇಕು. ಕೈಯನ್ನು ಆಕಾಶಕ್ಕೆತ್ತಿ ಎಳೆದು ಕೆಳಗಿಳಿಸುವ ಚಾಳಿಯನ್ನು ಮೊದಲ ದಿನವೇ ಬಿಡಿಸಿ. ದಿಬ್ಬವನ್ನು ದಾಟಿಸುವುದು ಮುಖ್ಯವಾಗಿ ಈ ಚಾಳಿಯೇ. ಮಕ್ಕಳಿಗೆ 14ರಿಂದ 20 ಪೌಂಡಿನ ಹಗುರ ಬಿಲ್ಲು ಸಾಕು. ಭಾರದ ಬಿಲ್ಲನ್ನು ಹಿಡಿದಿಡಲಾಗದ ಕೈಯೇ ಅಕಾಲದಲ್ಲಿ ಬಾಣ ಬಿಡುತ್ತದೆ.

ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಕಾರಣವಿಲ್ಲದೆ ಅಲ್ಲ. ಆಷಾಢದ ಗಾಳಿಗೆ ಬಾಣ ಬದಿಗೆ ಸರಿಯುತ್ತದೆ, ಹಲಗೆ ಮಗುಚುತ್ತದೆ. ಅಂಥ ದಿನ ಅಭ್ಯಾಸ ಬೇಡ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತೋಟಕ್ಕೆ ಸಮೀಪದ ಕಣವನ್ನು ಮುಚ್ಚಿರಿ. ಮುಂಜಾವ ಮುಸ್ಸಂಜೆಗಳಲ್ಲಿ ಗುಡ್ಡದಂಚಿನ ಜಾಗಗಳಲ್ಲಿ ಕರಡಿ, ಚಿರತೆಗಳ ಓಡಾಟವೂ ಉಂಟು. ಬೆಳಕು ಚೆನ್ನಾಗಿರುವಾಗ ಆರಂಭಿಸಿ, ಬೆಳಕಿರುವಾಗಲೇ ಮುಗಿಸಬೇಕು.

ಅವಘಡವಾದರೆ

ಮೈಯಲ್ಲಿ ನೆಟ್ಟ ಬಾಣವನ್ನು ಯಾವ ಕಾರಣಕ್ಕೂ ಕೀಳಬಾರದು. ಕಿತ್ತರೆ ರಕ್ತಸ್ರಾವ ಹೆಚ್ಚುತ್ತದೆ. ಗಾಯಾಳುವನ್ನು ಅಲುಗಾಡಿಸದೆ ಮಲಗಿಸಿ, ಬಾಣದ ಸುತ್ತ ಶುಭ್ರ ಬಟ್ಟೆಯ ಸಿಂಬಿಯಿಟ್ಟು ಬಾಣ ಅಲ್ಲಾಡದಂತೆ ಕಟ್ಟಿ, 108ಕ್ಕೆ ಕರೆ ಮಾಡಿ. ತೋಟದ ಹಾದಿ ಆಂಬುಲೆನ್ಸಿನವರಿಗೆ ಸಿಕ್ಕದು. ಒಬ್ಬರನ್ನು ಮುಖ್ಯರಸ್ತೆಗೆ ಕಳಿಸಿ ನಿಲ್ಲಿಸಿ. ಕಣದಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕುತ್ತದೆಯೇ, ಸಿಕ್ಕದಿದ್ದರೆ ಯಾವ ತಾಣದಲ್ಲಿ ಸಿಕ್ಕುತ್ತದೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಣದಲ್ಲಿಯೇ ಇರಲಿ.

ಕಣ ತೆರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಈ ನೆಲ ಪೂರ್ತಿಯಾಗಿ ನನ್ನದೇ? ಅರಣ್ಯದ, ಗೋಮಾಳದ ಗಡಿ ಎಷ್ಟು ದೂರದಲ್ಲಿದೆ?
2. ಗುರಿ ತಪ್ಪಿದ ಬಾಣ ಎಲ್ಲಿ ಹೋಗಿ ನಿಲ್ಲುತ್ತದೆ? ಅದನ್ನು ನಿಲ್ಲಿಸುವುದು ಮಣ್ಣೋ, ಬರಿಯ ಬೇಲಿಯೋ?
3. ದಿಬ್ಬ ದಾಟಿದ ಬಾಣ ಎಲ್ಲಿ ಬೀಳುತ್ತದೆ? ಈ ಹೊತ್ತಿನಲ್ಲಿ ಅಲ್ಲಿ ಯಾರಿದ್ದಾರೆ?
4. ಮರದ ಮೇಲೆ ಯಾರಾದರೂ ಇದ್ದಾರೆಯೇ?
5. ಬಿಲ್ಲು ಹಿಡಿಯದ ಹಿರಿಯರೊಬ್ಬರು ನಿಂತಿದ್ದಾರೆಯೇ?
6. ಇಂದು ಕೆಲಸಕ್ಕೆ ಬಂದವರಿಗೆಲ್ಲ ಬಾವುಟದ, ಸೀಟಿಯ ಅರ್ಥ ಗೊತ್ತಿದೆಯೇ?
7. ಎಲ್ಲ ಬಾಣಗಳನ್ನೂ ಪರೀಕ್ಷಿಸಿ ಎಣಿಸಿದ್ದಾಗಿದೆಯೇ?

ಒಬ್ಬೊಬ್ಬರೂ ತಮ್ಮ ತೋಟದಲ್ಲಿ ಕಣ ಮಾಡುವ ಬದಲು ನಾಲ್ಕೈದು ಮನೆಯವರು ಸೇರಿ, ನೆಲ ಅನುಕೂಲವಿರುವ ಒಬ್ಬರಲ್ಲಿ ಒಂದೇ ಒಳ್ಳೆಯ ಕಣ ಮಾಡಿಕೊಳ್ಳುವುದು ಎಲ್ಲ ರೀತಿಯಿಂದಲೂ ಮೇಲು. ಮಣ್ಣಿನ ಖರ್ಚು ಹಂಚಿಹೋಗುತ್ತದೆ, ಮೇಲ್ವಿಚಾರಣೆಗೆ ಸರದಿ ಸಿಕ್ಕುತ್ತದೆ. ಸಹಕಾರವೆಂದರೆ ಗೊಬ್ಬರ ತರಿಸುವುದು, ಅಡಿಕೆ ಮಾರುವುದು ಮಾತ್ರವಲ್ಲ. ಹೀಗೆ ಸೇರಿಕೊಂಡವರು ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಅರ್ಜಿ ಬರೆದು, ತಿಳಿದ ತರಬೇತುದಾರರೊಬ್ಬರಿಂದ ಜಾಗದ ಪರಿಶೀಲನೆ ಮಾಡಿಸಿದ ನಂತರವೇ ಕಣ ಆರಂಭಿಸುವುದು ಸೂಕ್ತ. ಅರ್ಜಿ ಬರೆಯಲು ಸಹಾಯ ಬೇಕಾದವರು ಕಚೇರಿಯ ವೇಳೆಯಲ್ಲಿ ಸಂಘಕ್ಕೆ ಬರಬಹುದು.

ಮೇಲಿನ ಏಳು ಪ್ರಶ್ನೆಗಳನ್ನು ರಟ್ಟಿನ ಮೇಲೆ ಬರೆದು ಕಣದ ಬಾಗಿಲಿಗೆ ತೂಗುಹಾಕಿ. ಯಾವ ಒಂದಕ್ಕೆ ಉತ್ತರ ಸಿಕ್ಕದಿದ್ದರೂ ಆ ದಿನ ಬಿಲ್ಲು ಗೂಟದ ಮೇಲೆಯೇ ಇರಲಿ.

ಕಾರ್ಯದರ್ಶಿ